ಹುಳಿ ಬರದ ಊರಿನಿಂದ ಅಮ್ಮನಿಗೆ

ಮಿನ್ನಿಯಾಪೊಲಿಸ್
ಜನವರಿ ಕೊನೆ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಸಪ್ತೋತ್ಸವಕ್ಕೆ ರಥಬೀದಿಗೆ ಹೋಗಿದ್ದೆಯಾ? ಅಜ್ಜಿಯ ಮಂಡಿನೋವು ಹೇಗಿದೆ? ಇಲ್ಲಿ ಜೋರು ಚಳಿ. ಉದ್ದಿನ ಹಿಟ್ಟು ಎರಡು ದಿನ ಇಟ್ಟರೂ ಹುಳಿ ಬರುವುದಿಲ್ಲ. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದಾಗ ಹಿಟ್ಟು ಹಾಗೇ ತಣ್ಣಗೆ ಕೂತಿರುತ್ತದೆ. ಮನಸ್ಸಿಗೆ ಬೇಜಾರಾಗುತ್ತದೆ ಅಮ್ಮ.

ಅದಕ್ಕೇ ಈಗ ಬಿಸ್ಕ್ವಿಕ್ ತಂದಿಟ್ಟಿದ್ದೇನೆ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಕೊಬ್ಬು ಎಲ್ಲ ಮೊದಲೇ ಬೆರೆಸಿದ ಹಿಟ್ಟು. ಈ ಊರಿನದೇ ಜನರಲ್ ಮಿಲ್ಸ್ ಕಂಪನಿ 1931ರಲ್ಲಿ ಮಾರಾಟಕ್ಕೆ ತಂದದ್ದು. ರೈಲಿನ ಅಡುಗೆಯವರೊಬ್ಬರು ಹೀಗೆ ಹಿಟ್ಟು ಬೆರೆಸಿ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಅದನ್ನು ನೋಡಿ ಕಂಪನಿಯವರಿಗೆ ಹೊಳೆಯಿತಂತೆ.

ಮೊದಲ ಸಲ ಇದರಲ್ಲೇ ಬನ್ಸ್ ಮಾಡಲು ಹೋದೆ. ನೀನು ಮಾಡುವ ಹಾಗೆ ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ ರಾತ್ರಿಯೇ ಕಲಸಿಟ್ಟೆ. ಮೈದಾ ಅಂದುಕೊಂಡು ಸೋಡಾನೂ ಹಾಕಿದೆ. ಬೆಳಿಗ್ಗೆ ಲಟ್ಟಿಸಲು ಹೋದರೆ ಹರಿಯಿತು, ಬಾಣಲೆಗೆ ಬಿಟ್ಟರೆ ಎಣ್ಣೆ ಕುಡಿಯಿತು. ಬಾಯಲ್ಲೆಲ್ಲ ಸೋಡಾ ರುಚಿ. ಆಮೇಲೆ ಅರ್ಥವಾಯಿತು. ಕೊಬ್ಬು ಹಿಟ್ಟಿನಲ್ಲೇ ಇದೆ, ಉಬ್ಬಿಸುವುದೂ ಅದರಲ್ಲೇ ಇದೆ. ಒದ್ದೆಯಾದ ಕೂಡಲೇ ಅದರ ಕೆಲಸ ಶುರು. ನಮ್ಮ ಹಿಟ್ಟು ಹುಳಿ ಬರಲು ಕಾಯಬೇಕು, ಇದನ್ನು ಕಲಸಿಟ್ಟು ಕಾಯಬಾರದು.

ಈಗ ಕಾವಲಿಯ ಮೇಲೆ ಬಾಳೆಹಣ್ಣಿನ ದಪ್ಪ ದೋಸೆ ಹೊಯ್ಯುತ್ತೇನೆ. ತುಂಬಾ ಚೆನ್ನಾಗಿ ಬರುತ್ತದೆ. ನೀನೂ ಮಾಡು. ಡಬ್ಬ ಹುಡುಕಬೇಡ, ಮನೆಯಲ್ಲೇ ಬೆರೆಸಬಹುದು. ಒಂದು ಕಪ್ ಮೈದಾಕ್ಕೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು. ಒಂದು ದೊಡ್ಡ ಚಮಚ ತುಪ್ಪ ಹಾಕಿ ಹುಡಿಹುಡಿಯಾಗುವ ಹಾಗೆ ಬೆರಳಲ್ಲಿ ಉಜ್ಜು. ಚೆನ್ನಾಗಿ ಕಳಿತ ಒಂದು ಬಾಳೆಹಣ್ಣು ಕಿವುಚಿ ಹಾಕು, ಏಲಕ್ಕಿ ಹಾಕು. ಹಾಲು ಅರ್ಧ ಕಪ್ ಸಾಕು, ಗಟ್ಟಿ ಅನಿಸಿದರೆ ಸ್ವಲ್ಪ ಸೇರಿಸು. ಜಾಸ್ತಿ ಕಲಸಬೇಡ, ಗಂಟು ಇದ್ದರೆ ಇರಲಿ. ಜಾಸ್ತಿ ಕಲಸಿದರೆ ರಬ್ಬರಿನ ಹಾಗಾಗುತ್ತದೆ. ಕಲಸಿದ ಕೂಡಲೇ ಸಣ್ಣ ಉರಿಯಲ್ಲಿ ಹೊಯ್ಯಿ. ಮೇಲೆ ಗುಳ್ಳೆ ಬಂದು ಒಡೆದಾಗ ಮಗುಚು.

ಇಲ್ಲಿಯವರು ಇದಕ್ಕೆ ಮೊಟ್ಟೆ ಹಾಕುತ್ತಾರೆ. ಅಜ್ಜಿಗೆ ಆಗುವುದಿಲ್ಲ ಅಲ್ವಾ, ಅದಕ್ಕೇ ಮೊಟ್ಟೆ ಬಿಟ್ಟು ಎರಡು ಸಲ ಮಾಡಿ ನೋಡಿಯೇ ಬರೆದೆ. ಅವರಿಗೆ ಸ್ವಲ್ಪ ಬೆಲ್ಲದ ಹುಡಿಯನ್ನೂ ಸೇರಿಸು. ಎಷ್ಟು ತಿಂದರು ಅಂತ ಮುಂದಿನ ಕಾಗದದಲ್ಲಿ ಬರಿ.

ನಿನ್ನ ಮಗಳು