ಹಿಡಿದದ್ದಲ್ಲ, ದೂರು ಬರೆದುಕೊಂಡದ್ದು

ಟುರಿನ್, ಇಟಲಿ
ರವಿವಾರ ರಾತ್ರಿ

ತೀರ್ಥರೂಪ ಅಪ್ಪನವರ ಚರಣಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ಗುರುವಾರ ಕೈಸೇರಿತು. ಫೋನಿನಲ್ಲಿ ಅವ್ವ ಅಳುತ್ತಾಳೆ, ಈರಣ್ಣ ಕಾಕಾ ನಡುವೆ ಬಾಯಿ ಹಾಕುತ್ತಾರೆ, ಮಾತು ಮುಂದೆ ಸಾಗುವುದಿಲ್ಲ. ಆದ್ದರಿಂದ ನಾನೂ ಕಾಗದದಲ್ಲಿಯೇ ಉತ್ತರ ಬರೆಯುತ್ತಿದ್ದೇನೆ. ಬೇಕಾದರೆ ಇದನ್ನು ಗೋಕಾಕದವರ ಮುಂದೆ ಓದಿ ತೋರಿಸಿರಿ. ಹುಡುಗಿಯ ಅಣ್ಣನನ್ನು ಇಟಲಿಯಲ್ಲಿ ಮಿಲಿಟರಿ ಪೊಲೀಸರು ಹಿಡಿದುಕೊಂಡು ಹೋದರಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದು, ಸುಮಾಳ ನಿಶ್ಚಯವನ್ನು ಸದ್ಯಕ್ಕೆ ಬೇಡವೆಂದರು ಎಂದು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅಪ್ಪಾ, ನನ್ನನ್ನು ಯಾರೂ ಹಿಡಿದಿಲ್ಲ. ಠಾಣೆಗೆ ನಾನೇ ನಡೆದುಕೊಂಡು ಹೋಗಿದ್ದೆ.

ನಡೆದದ್ದು ಇಷ್ಟೇ. ಟ್ರಾಮಿನ ನೂಕುನುಗ್ಗಲಿನಲ್ಲಿ ನನ್ನ ಚೀಲ ಕಳುವಾಯಿತು. ಪಾಸ್‌ಪೋರ್ಟ್ ಅದರಲ್ಲಿತ್ತು. ಫೋನು ಕಿಸೆಯಲ್ಲಿದ್ದುದರಿಂದ ಉಳಿಯಿತು. ಹೊಸ ಪಾಸ್‌ಪೋರ್ಟ್ ಬೇಕಾದರೆ ಪೊಲೀಸರಿಗೆ ದೂರು ಕೊಟ್ಟ ಕಾಗದ ಬೇಕು ಎಂದು ಗೆಳೆಯರು ಹೇಳಿದ್ದರಿಂದ ಹತ್ತಿರದ ಠಾಣೆಗೆ ಹೋದೆ. ಅಲ್ಲಿ ಸರದಿಗಾಗಿ ಕುಳಿತಿದ್ದಾಗಲೇ ಅವ್ವನ ವಿಡಿಯೋ ಕರೆ ಬಂತು, ನಾನು ಎತ್ತಿಬಿಟ್ಟೆ. ನನ್ನ ಬೆನ್ನ ಹಿಂದೆ ಕಪ್ಪು ಸಮವಸ್ತ್ರದವರಿಬ್ಬರು, ಪ್ಯಾಂಟಿನ ಉದ್ದಕ್ಕೂ ಕೆಂಪು ಪಟ್ಟಿ, ಎದೆಯ ಮೇಲೆ ಅಡ್ಡವಾಗಿ ಬಿಳಿ ಪಟ್ಟಾ. ಇಲ್ಲಿ ಅವರಿಗೆ ಕಾರಾಬಿನಿಯೇರಿ ಎನ್ನುತ್ತಾರೆ. ಅವರು ಯಾರೆಂದು ಅವ್ವ ಕೇಳಿದಾಗ, ಇಲ್ಲಿಯ ಮಿಲಿಟರಿ ಪೊಲೀಸರು ಎಂದು ನಿಜವನ್ನೇ ಹೇಳಿದೆ. ಆ ಮಾತು ಕಾಕಾ ಅವರ ಕಿವಿಗೆ ಹೋಯಿತು.

ಕಾಕಾ ಅವರದೂ ತಪ್ಪಲ್ಲ. ಬೆಳಗಾವಿಯ ಮರಾಠಾ ರೆಜಿಮೆಂಟಿನ ಸೆಂಟರಿನಲ್ಲಿ ಸಿಪಾಯಿಯಾಗಿ ತರಬೇತಿಯಾದವರಿಗೆ ಮಿಲಿಟರಿ ಪೊಲೀಸ್ ಎಂದರೆ ಕೆಂಪು ಟೊಪ್ಪಿಗೆಯವರು. ಅವರಿಗೆ ಸಂಬಂಧ ಸಿಪಾಯಿಗಳೊಂದಿಗೆ ಮಾತ್ರ. ರಜೆ ಮುಗಿದರೂ ಬಾರದವನನ್ನು, ಪಾಸ್ ಇಲ್ಲದೆ ಅಲೆಯುವವನನ್ನು ಅವರು ಕೇಳುತ್ತಾರೆಯೇ ಹೊರತು, ಖಡೇಬಜಾರಿನಲ್ಲಿ ಜೇಬು ಕತ್ತರಿಸಿದವನ ಗೊಡವೆ ಅವರಿಗಿಲ್ಲ. ಇಲ್ಲಿಯ ಕಾರಾಬಿನಿಯೇರಿಗಳು ಸೈನ್ಯದೊಳಗಿನ ಆ ಕೆಲಸವನ್ನೂ ಮಾಡುತ್ತಾರೆ, ಊರಿನ ಪೊಲೀಸ್ ಕೆಲಸವನ್ನೂ ಮಾಡುತ್ತಾರೆ. ಸೈನಿಕರಾಗಿ ಅವರು ರಕ್ಷಣಾ ಮಂತ್ರಾಲಯಕ್ಕೆ ಸೇರಿದವರು. ಊರಿನ ಶಾಂತಿ ಸುವ್ಯವಸ್ಥೆಯ ವಿಷಯದಲ್ಲಿ ಗೃಹ ಮಂತ್ರಾಲಯದ ಮಾತು ಕೇಳಬೇಕು. ಕುರಿ ಕಳೆದುಕೊಂಡ ರೈತನೂ, ಗಂಡನ ಹೊಡೆತ ತಾಳದ ಹೆಂಗಸೂ, ನನ್ನಂಥ ಚೀಲ ಕಳೆದುಕೊಂಡವನೂ ಹೋಗುವುದು ಅವರ ಬಳಿಗೇ. ಬೇರೆ ನಾಗರಿಕ ಪೊಲೀಸರೂ ಇದ್ದಾರೆ, ತೆರಿಗೆ ಕಳ್ಳರನ್ನು ಹಿಡಿಯಲು ಬೂದು ಸಮವಸ್ತ್ರದ ಇನ್ನೊಂದು ಸೈನಿಕ ದಳವೂ ಇದೆ. ಆದರೆ ಚಿಕ್ಕ ಊರುಗಳಲ್ಲಿ ಹೆಚ್ಚಾಗಿ ಇವರ ಠಾಣೆಯೇ ಇರುತ್ತದೆ. ದೇಶದಲ್ಲಿ ಅಂಥವು ನಾಲ್ಕು ಸಾವಿರಕ್ಕೂ ಹೆಚ್ಚು.

ಈ ಪಡೆ ಹುಟ್ಟಿದ್ದು ನಾನಿರುವ ಈ ಟುರಿನ್ ನಗರದಲ್ಲಿಯೇ. ನೆಪೋಲಿಯನ್ನನ ಕಾಲದಲ್ಲಿ ಈ ಸೀಮೆ ಫ್ರೆಂಚರ ಕೈಯಲ್ಲಿತ್ತು. ಅವನು ಸೋತ ಮೇಲೆ ಮರಳಿ ಬಂದ ಸಾರ್ಡೀನಿಯಾದ ದೊರೆ ಒಂದನೆಯ ವಿಟ್ಟೋರಿಯೊ ಇಮ್ಯಾನುಯೆಲೆ 1814ರ ಜುಲೈ 13ರಂದು ಇದನ್ನು ಕಟ್ಟಿದನು. ಫ್ರೆಂಚರನ್ನು ಕಂಡರೆ ಆಗದಿದ್ದರೂ ಅವರು ಬಿಟ್ಟುಹೋದ ಸೈನಿಕ ಪೊಲೀಸಿನ ಪದ್ಧತಿ ಮಾತ್ರ ಅವನಿಗೆ ಬೇಕಾಯಿತು. ಹೆಸರನ್ನು ಕಾರ್ಬೈನ್ ಬಂದೂಕಿನಿಂದ ತೆಗೆದುಕೊಂಡರು. ಕಾಕಾ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1861ರಲ್ಲಿ ಇಟಲಿ ಒಂದೇ ರಾಜ್ಯವಾದಾಗ ಇವರು ಇಡೀ ದೇಶದವರಾದರು, ರಾಜರು ಹೋಗಿ ಗಣರಾಜ್ಯ ಬಂದರೂ ಉಳಿದರು. 2000ದಲ್ಲಿ ಭೂಸೈನ್ಯದಿಂದ ಬೇರ್ಪಟ್ಟು ತಮ್ಮದೇ ಸ್ವತಂತ್ರ ಪಡೆಯಾದರು. ಈಗ ಒಂದು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.

ಇವರು ಮಾಡುವ ಕೆಲಸಗಳನ್ನು ಕೇಳಿದರೆ ನೀವು ನಗುತ್ತೀರಿ. ಹಾಲು, ಎಣ್ಣೆ, ದ್ರಾಕ್ಷಾರಸಗಳಲ್ಲಿ ಕಲಬೆರಕೆ ಮಾಡುವವರನ್ನು ಹಿಡಿಯಲು 1962ರಿಂದ ಇವರದೊಂದು ದಳವಿದೆ. ಅಂದರೆ ನಮ್ಮ ಗಲ್ಲಿಗೆ ಹಾಲು ಹಾಕುವವನು ಇಲ್ಲಿದ್ದರೆ ಮಿಲಿಟರಿಗೆ ಉತ್ತರ ಕೊಡಬೇಕಾಗುತ್ತಿತ್ತು. ಕಳುವಾದ ಮೂರ್ತಿ, ಚಿತ್ರಗಳನ್ನು ಹುಡುಕಲು 1969ರಲ್ಲಿಯೇ ಪ್ರತ್ಯೇಕ ದಳ ಮಾಡಿಕೊಂಡರು. ಐಹೊಳೆ, ಬಾದಾಮಿಗಳನ್ನು ನೋಡಿ ಬೆಳೆದ ನನಗೆ ಇದೊಂದು ವಿಷಯದಲ್ಲಿ ಇವರ ಮೇಲೆ ಹೊಟ್ಟೆಕಿಚ್ಚು. 2017ರಿಂದ ಕಾಡು ಕಾಯುವ ಕೆಲಸವೂ ಬಹುಮಟ್ಟಿಗೆ ಇವರಿಗೇ ಬಂದಿದೆ.

ಇಷ್ಟಿದ್ದರೂ ಇಲ್ಲಿಯ ಜನ ಇವರ ಮೇಲೆ ನಗೆಹನಿ ಕಟ್ಟುವುದನ್ನು ಬಿಟ್ಟಿಲ್ಲ. ಯಾವಾಗಲೂ ಇಬ್ಬರಿಬ್ಬರೇ ಏಕೆ ತಿರುಗುತ್ತಾರೆ ಎಂದರೆ, ಒಬ್ಬನಿಗೆ ಓದಲು ಬರುತ್ತದೆ, ಇನ್ನೊಬ್ಬನಿಗೆ ಬರೆಯಲು ಬರುತ್ತದೆಯಂತೆ. ನನ್ನ ದೂರು ಬರೆದುಕೊಂಡ ಹಿರಿಯರಿಗೆ ಎರಡೂ ಬರುತ್ತಿತ್ತು. ತೊಂದರೆ ಕೊಟ್ಟದ್ದು ನಮ್ಮ ಊರು. ಪಾಸ್‌ಪೋರ್ಟಿನ ಝೆರಾಕ್ಸಿನಲ್ಲಿ ಹುಟ್ಟಿದ ಸ್ಥಳ ಬೆಳಗಾಂ ಎಂದಿದೆ, ವಿಳಾಸದಲ್ಲಿ ಬೆಳಗಾವಿ ಎಂದಿದೆ. ಇವೆರಡೂ ಬೇರೆ ಬೇರೆ ಊರುಗಳೇ ಎಂದು ಕೇಳಿದರು. 2014ರಲ್ಲಿ ಹೆಸರು ಬದಲಾದ ಕಥೆಯನ್ನು ನನ್ನ ಹರಕು ಇಟಾಲಿಯನ್ನಿನಲ್ಲಿ ಹೇಳಿದೆ. ಇಲ್ಲಿಯವರು ಅಕ್ಷರ ಬಿಡಿಸಿ ಹೇಳಲು ತಮ್ಮ ಊರುಗಳ ಹೆಸರನ್ನೇ ಬಳಸುತ್ತಾರೆ. ಬೊಲೊನ್ಯಾದ ಬಿ, ಎಂಪೊಲಿಯ ಇ, ಲಿವೊರ್ನೊದ ಎಲ್, ಜೆನೊವಾದ ಜಿ ಎನ್ನುತ್ತ, ಎರಡೇ ಬೆರಳಿನಿಂದ ಕೀಲಿಮಣೆ ಕುಟ್ಟುತ್ತ, ಅರ್ಧ ಇಟಲಿಯನ್ನು ಸುತ್ತಿ ನಮ್ಮ ಊರಿನ ಹೆಸರನ್ನು ಮುಗಿಸಿದರು. ಆಮೇಲೆ ಯಂತ್ರದಿಂದ ಒಂದು ಲೋಟ ಕಾಫಿ ತಂದುಕೊಟ್ಟರು. ನಾನು ಕಂಡ ಮಿಲಿಟರಿ ದಬ್ಬಾಳಿಕೆ ಅಷ್ಟೇ.

ಈರಣ್ಣ ಕಾಕಾ ಅವರಿಗೆ ಇನ್ನೊಂದು ಮಾತು. ಅವರ ರೆಜಿಮೆಂಟಿನ ಯಶವಂತ ಘಾಡಗೆ 1944ರಲ್ಲಿ, ನಾಮದೇವ ಜಾಧವ 1945ರಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು ಇದೇ ಇಟಲಿಯ ನೆಲದಲ್ಲಿ. ಅದಕ್ಕೆ ತುಸು ಮುಂಚೆ, 1943ರ ಸೆಪ್ಟೆಂಬರ್ 23ರಂದು, ರೋಮಿನ ಹತ್ತಿರ ಸಾಲ್ವೊ ದಕ್ವಿಸ್ತೊ ಎಂಬ ಕಾರಾಬಿನಿಯೇರಿ, ಜರ್ಮನ್ನರು ಸೆರೆಹಿಡಿದು ಗುಂಡಿ ತೋಡಿಸುತ್ತಿದ್ದ 22 ಮಂದಿ ಹಳ್ಳಿಗರನ್ನು ಉಳಿಸಲು, ಮಾಡದ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಬಂದೂಕಿನ ಗುಂಡಿಗೆ ಎದೆಯೊಡ್ಡಿದ. ಅವನಿಗೆ ಆಗ ನನಗಿಂತಲೂ ಚಿಕ್ಕ ವಯಸ್ಸು, 22. ಅದೇ ವರ್ಷದ ಜುಲೈಯಲ್ಲಿ ರಾಜನ ಭೇಟಿ ಮುಗಿಸಿ ಹೊರಬಂದ ಮುಸೊಲಿನಿಯನ್ನು ಬಂಧಿಸಿದವರೂ ಇವರೇ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವನ ಸರಕಾರದ ಆಜ್ಞೆ ಪಾಲಿಸಿದವರೂ ಇವರೇ. ಎಲ್ಲರೂ ದೇವರೆಂದು ನಾನು ಹೇಳುತ್ತಿಲ್ಲ. ಬಂಧನದಲ್ಲಿದ್ದವನನ್ನು ಹೊಡೆದು ಅವನ ಸಾವಿಗೆ ಕಾರಣರಾದ ಇವರಲ್ಲಿಬ್ಬರಿಗೆ ಇಲ್ಲಿಯ ನ್ಯಾಯಾಲಯ ಶಿಕ್ಷೆ ಕೊಟ್ಟಿದೆ. ಈ ಸಾಲನ್ನು ಅವ್ವನಿಗೆ ಓದಿ ಹೇಳಬೇಡಿರಿ.

ದೂರಿನ ಕಾಗದದ ಪ್ರತಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಮೇಲುಗಡೆ ಠಾಣೆಯ ಹೆಸರಿದೆ, ಕೆಳಗೆ ಮುದ್ರೆ ಇದೆ. ನನ್ನ ಹೆಸರಿನ ಹತ್ತಿರ ಇರುವ ಪದದ ಅರ್ಥ ದೂರು ಕೊಟ್ಟವನು ಎಂದು. ಅದರ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಗೋಕಾಕದವರಿಗೆ ಮೊದಲು ಅದನ್ನೇ ತೋರಿಸಿರಿ. ಅವರ ಕಡೆಯಲ್ಲಿ ಯಾರಾದರೂ ಇಟಾಲಿಯನ್ ಬಲ್ಲವರಿದ್ದರೆ ಓದಿಸಿಕೊಳ್ಳಲಿ, ನನ್ನದೇನೂ ಅಭ್ಯಂತರವಿಲ್ಲ. ಸುಮಾಳಿಗೆ ಬೇಸರ ಮಾಡಿಕೊಳ್ಳಬೇಡವೆಂದು ಹೇಳಿರಿ. ಇಷ್ಟರ ಮೇಲೂ ಅವರು ಒಪ್ಪದಿದ್ದರೆ ಮಾವನವರ ಕಡೆಯಿಂದ ಒಂದು ಮಾತು ಆಡಿಸಿರಿ, ನೀವಾಗಿ ಹೆಚ್ಚು ಬಾಗಲು ಹೋಗಬೇಡಿರಿ.

ನಾನು ಆರಾಮಾಗಿದ್ದೇನೆ. ಊಟಕ್ಕೆ, ಬಾಡಿಗೆಗೆ, ಚಳಿಯ ಬಟ್ಟೆಗೆ ಏನೂ ಕೊರತೆಯಿಲ್ಲ, ಹಣ ಕಳಿಸಬೇಡಿರಿ. ಊಟ ಸೇರುತ್ತಿಲ್ಲವೆಂದು ಮೇಲೆ ಬರೆದದ್ದು ಬರೀ ಮಾತಿಗೆ, ಈಗ ಹೊಟ್ಟೆ ತುಂಬ ಉಂಡೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ರೈಲಿಗೆ ಮಿಲಾನಿನಲ್ಲಿರುವ ನಮ್ಮ ದೇಶದ ಕಚೇರಿಗೆ ಪಾಸ್‌ಪೋರ್ಟಿನ ಅರ್ಜಿ ಕೊಡಲು ಹೋಗಬೇಕು, ಫೋಟೋ ಇನ್ನೂ ತೆಗೆಸಿಲ್ಲ. ಅವ್ವನಿಗೂ ಕಾಕಾ ಅವರಿಗೂ ನಮಸ್ಕಾರ. ಉತ್ತರ ಬೇಗ ಬರೆಯಿರಿ.

ನಿಮ್ಮ ಮಗ,
ಬಸು