ಲಂಬೂಗೊಂದು ಪತ್ರ: ಸರೋವರದ ಮೇಲೆ ಒಂದು ದಿನ

ಲಂಬೂ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವ ಜಾಗದಲ್ಲಿ ಯಾಕೆ ಹಾಕುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಬೈಯಬೇಡ. ಓದುತ್ತಿರುವ ಉಳಿದವರೂ ಸ್ವಲ್ಪ ತಾಳ್ಮೆಯಿಂದಿರಿ. ನಿಮ್ಮಲ್ಲಿ ಕೆಲವರಿಗೂ ನಾನು ಒಂದು ಮಾತು ಹೇಳಬೇಕಿದೆ.

ಶನಿವಾರ ಪುಟ್ಟಿಯನ್ನು ಕರೆದುಕೊಂಡು ಬೆಟ್ಟದ ಮೇಲಿನ ಸರೋವರಕ್ಕೆ ಹೋಗಿದ್ದೆ. ಸುಮಾರು 2,000 ಮೀಟರ್ ಎತ್ತರ. ಸುತ್ತ ಬೆಟ್ಟ, ಅವುಗಳ ನೆತ್ತಿಯ ಸಂದುಗಳಲ್ಲಿ ಕರಗದೆ ಉಳಿದ ಹಿಮ, ನಡುವೆ ನೀರು. ಬೆಳಿಗ್ಗೆ ಏಳಕ್ಕೆ ಮರೀನಾ, ಅಂದರೆ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಜಾಗ, ತಲುಪಿದಾಗ ಒಂದು ಅಲೆಯೂ ಇರಲಿಲ್ಲ. ಬೆಟ್ಟಗಳೆಲ್ಲ ನೀರೊಳಗೆ ತಲೆಕೆಳಗಾಗಿ ನಿಂತಿದ್ದವು. ಕಾರಿನಿಂದ ಇಳಿದ ಪುಟ್ಟಿ ಪಿಸುಮಾತಿನಲ್ಲೇ ಮಾತಾಡಲು ಶುರುಮಾಡಿದಳು. ಯಾಕೆ ಅಂದರೆ, ಜೋರಾಗಿ ಮಾತಾಡಿದರೆ ಬೆಟ್ಟ ಅಲುಗುತ್ತದಂತೆ.

ಆ ಜಾಗ ನಿನಗೆ ತುಂಬ ಇಷ್ಟವಾಗುತ್ತಿತ್ತು ಕಣೋ. ಅಲ್ಲಿಯ ಜೆಟ್ಟಿಗಳು ತೇಲುವಂಥವು. ಹಿಮ ಕರಗಿ ನೀರು ಏರಿದರೆ ಅವೂ ಏರುತ್ತವೆ, ಬೇಸಿಗೆಯ ಕೊನೆಗೆ ನೀರು ಇಳಿದರೆ ಅವೂ ಇಳಿಯುತ್ತವೆ. ಕಾಲಿಟ್ಟರೆ ಹಲಗೆ ಮೆಲ್ಲಗೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆ ಸಾಲಾಗಿ ಕಟ್ಟಿದ ದೋಣಿಗಳು, ಹಗ್ಗ ಬಿಗಿದು ಸಡಿಲವಾಗುವ ಕಿರ್ ಕಿರ್ ಸದ್ದು, ಹಾಯಿದೋಣಿಗಳ ಕಂಬಕ್ಕೆ ತಂತಿ ಬಡಿಯುವ ಟಿಣ್ ಟಿಣ್. ಸುಮ್ನೆ ಅಲ್ಲೇ ಕೂತು ಮನೆಗೆ ವಾಪಸ್ ಬಂದಿದ್ದರೂ ನನಗೆ ಸಾಕಾಗುತ್ತಿತ್ತು.

ಹೊರಗಿನಿಂದ ತಂದ ದೋಣಿಗಳನ್ನು ನೀರಿಗೆ ಇಳಿಸುವ ಮೊದಲು ತಡೆದು ನಿಲ್ಲಿಸುತ್ತಾರೆ. ತಳ ಒಣಗಿದೆಯಾ, ಒಳಗೆ ಎಲ್ಲಾದರೂ ಹಳೆಯ ನೀರು ನಿಂತಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತಾರೆ. ಬೆರಳುಗುರಿನಷ್ಟು ದೊಡ್ಡದಾಗುವ ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿ ಇದಕ್ಕೆಲ್ಲ ಕಾರಣ. ಅದರ ಮರಿ ಆ ಹಳೆಯ ನೀರಿನಲ್ಲಿ ಸೇರಿ ಬಂದರೂ ಕಣ್ಣಿಗೇ ಕಾಣುವುದಿಲ್ಲ. ಒಂದು ಹೆಣ್ಣು ವರ್ಷಕ್ಕೆ 10 ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. 1980ರ ದಶಕದಲ್ಲಿ ಹಡಗುಗಳ ತಳದ ನೀರಿನ ಜೊತೆ ಉತ್ತರ ಅಮೆರಿಕದ ಮಹಾ ಸರೋವರಗಳಿಗೆ ಬಂದದ್ದು, ಈಗ ಅಲ್ಲಿಂದ ತೆಗೆಯುವುದಕ್ಕೇ ಆಗುತ್ತಿಲ್ಲ. ಒಂದು ಲೋಟದಷ್ಟು ನೀರಿಗೆ ಇಷ್ಟು ಕಾಳಜಿ ಮಾಡುವವರನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ಸರದಿ ಬೇಗ ಮುಗಿಯಿತು. ನಾವು ತೆಗೆದುಕೊಂಡದ್ದು ಅಲ್ಲಿಯದೇ ಕಯಾಕ್, ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಇಬ್ಬರು ಕೂರುವಂಥದ್ದು.

ಕಯಾಕ್ ಕೊಡುವ ಮೊದಲು ಅಲ್ಲಿಯ ಹುಡುಗಿಯೊಬ್ಬಳು ನಮ್ಮನ್ನೆಲ್ಲ ಜೆಟ್ಟಿಯ ಮೇಲೆ ಕೂರಿಸಿ ಹತ್ತು ನಿಮಿಷ ಮಾತಾಡಿದಳು. ಇಪ್ಪತ್ತು ದಾಟಿರಬಹುದು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಎತ್ತರಕ್ಕೆ ಹೋದಂತೆ ಬಿಸಿಲು ಜಾಸ್ತಿ ಸುಡುತ್ತದೆ, ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ, ತಂಪಿದೆ ಅಂತ ಮೋಸ ಹೋಗಬೇಡಿ ಅಂದಳು. ಆಮೇಲೆ ನೀರಿನ ವಿಷಯಕ್ಕೆ ಬಂದಳು. ಮೇಲಿನ ಒಂದು ಪದರ ಮಾತ್ರ ಬೆಚ್ಚಗಿರುತ್ತದೆ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ, ಹಾಗಾಗಿ ಆ ತಣ್ಣನೆಯ ನೀರು ತಳದಲ್ಲಿ ಕೂತಿರುತ್ತದೆ. ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಆಗ ಈಜಲು ಹೋಗಬೇಡಿ, ಮೊದಲು ಸುಮ್ಮನೆ ತೇಲಿ. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಒಂದು ಗಂಟೆ. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನುವ ವಿಜ್ಞಾನಿ ತಾನೇ ಎಷ್ಟೋ ಸಲ ಕೊರೆಯುವ ನೀರಿಗೆ ಇಳಿದು ಸಂಶೋಧನೆ ಮಾಡಿ ಜನರಿಗೆ ಕಲಿಸಿದ ಲೆಕ್ಕ ಇದು. ಆ ಹತ್ತು ನಿಮಿಷದ ನಂತರ ನಿಮ್ಮನ್ನು ಮೇಲಿಡುವುದು ನಿಮ್ಮ ಈಜಲ್ಲ, ಲೈಫ್ ಜಾಕೆಟ್ ಮಾತ್ರ ಅಂದಳು.

ಇಲ್ಲಿಯವರೆಗೆ ನಾನು ಶಾಲೆಯ ಹುಡುಗನ ಹಾಗೆ ಕೇಳುತ್ತಿದ್ದೆ. ಆಮೇಲೆ ಅವಳು ಕೇಳಿದಳು: "ಮುಳುಗುವವರು ಹೇಗೆ ಕಾಣುತ್ತಾರೆ, ಯಾರಾದರೂ ಹೇಳಿ?"

ಒಂದು ಮಗು ಎರಡೂ ಕೈ ಬೀಸಿ "ಹೆಲ್ಪ್" ಅಂತ ಕೂಗಿ ತೋರಿಸಿತು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೂಗುವುದಿಲ್ಲ, ಅಂದಳು. ಕೂಗಲು ಉಸಿರು ಬೇಕು, ಬಾಯಿ ನೀರಿನ ಮೇಲೆ ಬರುವ ಚೂರು ಹೊತ್ತು ಉಸಿರು ಎಳೆಯುವುದಕ್ಕೇ ಸಾಲುವುದಿಲ್ಲ. ಕೈ ಬೀಸುವುದಕ್ಕೂ ಆಗುವುದಿಲ್ಲ. ಎರಡೂ ಕೈ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ಇಪ್ಪತ್ತರಿಂದ ಅರವತ್ತು ಸೆಕೆಂಡು. ಪಕ್ಕದಲ್ಲಿ ಇದ್ದವರಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಫ್ರಾನ್ಸೆಸ್ಕೊ ಪಿಯಾ ಅನ್ನುವ ಜೀವರಕ್ಷಕ ಮೊದಲು ಇದನ್ನು ಗಮನಿಸಿ ಬರೆದನಂತೆ. ಅವಳು ಎದ್ದು ನಿಂತು ಕೈ ಹೇಗಿರುತ್ತದೆ ಅಂತ ಮಾಡಿ ತೋರಿಸಿದಳು, ಗಾಳಿಯಲ್ಲಿ ಏಣಿ ಹತ್ತುವವರ ಹಾಗೆ.

ಲಂಬೂ, ನನ್ನ ಬೆನ್ನು ತಣ್ಣಗಾಯಿತು. ಅದು ನನ್ನ ಕೈ.

ನಾನು ಎದ್ದು ಹೋಗಿ ಸುಮ್ಮನೆ ಹಗ್ಗ ನೋಡುತ್ತಾ ನಿಂತೆ. ಅಷ್ಟರಲ್ಲಿ ಅವಳು ಎಲ್ಲರನ್ನೂ "ಈಜು ಬರುತ್ತಾ?" ಅಂತ ಕೇಳುತ್ತಾ ನಮ್ಮ ಹತ್ತಿರ ಬಂದಳು. ನಾನು ಬಾಯಿ ತೆಗೆಯುವ ಮೊದಲೇ ಪುಟ್ಟಿ ಹೇಳಿಬಿಟ್ಟಳು: "ನಮ್ಮಪ್ಪ ತುಂಬ ಚೆನ್ನಾಗಿ ಈಜುತ್ತಾರೆ. ಲಂಬೂ ಮಾಮ ಮುಳುಗುತ್ತಿದ್ದಾಗ ಇವರೇ ಹಾರಿ ಎತ್ತಿದ್ದು." ಹುಡುಗಿ ನನ್ನನ್ನು ಗೌರವದಿಂದ ನೋಡಿದಳು. ನಾನು ತಲೆಯಾಡಿಸಿದೆ.

ಆಮೇಲೆ ಒಂದೂವರೆ ಗಂಟೆ ಚೆನ್ನಾಗಿಯೇ ಹೋಯಿತು, ಅದನ್ನೂ ಹೇಳಬೇಕು. ಪುಟ್ಟಿ ಮುಂದೆ, ನಾನು ಹಿಂದೆ. ಮೊದಲು ಇಬ್ಬರ ಹುಟ್ಟೂ ಒಂದಕ್ಕೊಂದು ಬಡಿಯುತ್ತಿದ್ದವು, ಆಮೇಲೆ ಲಯ ಸಿಕ್ಕಿತು. ಮಧ್ಯೆ ಹುಟ್ಟು ಎತ್ತಿ ಸುಮ್ಮನಿದ್ದರೆ ಹುಟ್ಟಿನ ತುದಿಯಿಂದ ಹನಿ ಬೀಳುವ ಸದ್ದು ಮಾತ್ರ. ಮರೀನಾದವರು ಮಕ್ಕಳಿಗೆ ಅಂತ ಗುರುತು ಹಾಕಿದ ಹಗ್ಗಕ್ಕೆ ಕಟ್ಟಿದ ಒಂದು ಬಿಳಿ ತಟ್ಟೆ ಕೊಟ್ಟಿದ್ದರು. ಅದನ್ನು ಇಳಿಸುತ್ತಾ ಹೋಗಬೇಕು, ಕಣ್ಣಿಗೆ ಕಾಣದಾದ ಕಡೆ ಹಗ್ಗದ ಗುರುತು ಓದಬೇಕು. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಇಂಥ ತಟ್ಟೆಯಿಂದ ಸಮುದ್ರದ ತಿಳಿಯನ್ನು ಅಳೆದದ್ದು. ಇವತ್ತಿಗೂ ಸರೋವರಗಳನ್ನು ಹೀಗೆಯೇ ಅಳೆಯುತ್ತಾರೆ, ಇದಕ್ಕಿಂತ ಸರಳವಾದ ಸಾಧನ ಇನ್ನೊಂದಿಲ್ಲ. ಪುಟ್ಟಿ ನಾಲಿಗೆ ಕಚ್ಚಿಕೊಂಡು ಇಳಿಸಿದಳು. ಹನ್ನೊಂದು ಮೀಟರಿಗೆ ತಟ್ಟೆ ಮಾಯ. "ಅಪ್ಪಾ, ಹನ್ನೊಂದು ಅಂದರೆ ನಿನ್ನಂಥ ಆರು ಜನ!"

ದಡದ ಹತ್ತಿರ ಬಂದಾಗ ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು. ಕೈ ಹಾಕಿದರೆ ಸಿಗುವ ಹಾಗೆ. ನೀರು ಬೆಳಕನ್ನು ಬಗ್ಗಿಸುವುದರಿಂದ ನಾಲ್ಕು ಮೀಟರ್ ಆಳ ನಮಗೆ ಮೂರೇ ಮೀಟರಾಗಿ ಕಾಣುತ್ತದೆ ಅಂತ ಅವಳಿಗೆ ವಿವರಿಸುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಲೇ ಕತ್ತಿನ ಹತ್ತಿರದ ಬಕಲ್ ಬಿಚ್ಚಿದಳು. ಆಮೇಲೆ ಎರಡನೆಯದು. ಸೆಕೆ ಅಂತೆ.

"ಹಾಕಿಕೋ" ಅಂದೆ.

"ಇಲ್ಲಿ ಆಳ ಇಲ್ಲ. ಮತ್ತೆ, ನೀನಿದ್ದೀಯಲ್ಲ" ಅಂದಳು. ತಿರುಗಿಯೂ ನೋಡಲಿಲ್ಲ.

ಆಗ ಹೇಳಿದೆ ಕಣೋ. ಮೊದಲು ಬಕಲ್ ಹಾಕಿಸಿದೆ, ಎರಡನ್ನೂ, ಟಕ್ ಅಂತ ಸದ್ದು ಬರುವವರೆಗೆ. ಆಮೇಲೆ ಅವಳ ಬೆನ್ನಿಗೆ ಹೇಳಿದೆ. ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು. ಆ ದಿನ ಮುಳುಗಿದ್ದು ಲಂಬೂ ಮಾಮ ಅಲ್ಲ, ನಾನು. ಎತ್ತಿದ್ದು ಅವನು. ನನಗೆ ಈಗಲೂ ಈಜುಕೊಳದಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಮಾತ್ರ ಬರುತ್ತದೆ, ಅದೂ ಮದುವೆಯಾದ ಮೇಲೆ ಕಲಿತದ್ದು.

ಈಗ ಓದುತ್ತಿರುವವರಿಗೆ. ನಿಮ್ಮಲ್ಲಿ ಎಷ್ಟೋ ಜನ ಆ ಕಥೆಯನ್ನು ನನ್ನ ಬಾಯಿಂದ ಕೇಳಿದ್ದೀರಿ. ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ, ಪ್ರವಾಸ ಹೋದಾಗ. "ಅವನು ಕಾಪಾಡಿ ಕಾಪಾಡಿ ಅಂತ ಕೂಗಿದ, ನಾನು ಚಪ್ಪಲಿ ಸಮೇತ ಹಾರಿದೆ" ಅಂತ. ಅದು ಸುಳ್ಳು. ಚಪ್ಪಲಿ ಸಮೇತ ಹಾರಿದ್ದು ಅವನು. ನಮಗೆ ಆಗ ಹದಿನೇಳು ವರ್ಷ. ಮೊದಲ ಸಲ ಯಾಕೆ ತಿರುಚಿ ಹೇಳಿದೆ ಅಂತ ನೆನಪಿದೆ, ಹೊಸ ಜನರ ಮುಂದೆ ಕಾಪಾಡಿಸಿಕೊಂಡವನಾಗಿ ನಿಲ್ಲಲು ಇಷ್ಟವಿರಲಿಲ್ಲ. ಎರಡನೇ ಸಲದಿಂದ ಕಾರಣವೇ ಬೇಕಾಗಲಿಲ್ಲ. ಎಷ್ಟು ಸಲ ಹೇಳಿದ್ದೇನೆ ಅಂದರೆ, ನೀರಿನ ಮೇಲಿನಿಂದ ನಿನ್ನ ತಲೆ ನೋಡಿದ ನೆನಪು ಕೂಡ ನನಗಿದೆ. ನಡೆಯದೇ ಇದ್ದದ್ದರ ನೆನಪು. ಆ ಹುಡುಗಿ ಜೆಟ್ಟಿಯ ಮೇಲೆ ಕೈ ಚಾಚಿ ತೋರಿಸಿದಾಗ ಅದು ಹೊರಟುಹೋಯಿತು. ಕೆಳಗಿನಿಂದ ಕಂಡ ಹಸಿರು ಬೆಳಕು ವಾಪಸ್ ಬಂತು. ಮತ್ತೆ, ನಾನು ಕೂಗಿರಲಿಲ್ಲ. ನನ್ನ ಕಥೆಯಲ್ಲಿದ್ದ ಆ ಕೂಗು ಎಂದೂ ಕೇಳಿಸಿಯೇ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ಆದರೆ ಇನ್ನೊಂದು ಉಳಿದಿದೆ. ನನ್ನ ಮದುವೆಯ ಹಿಂದಿನ ರಾತ್ರಿ ಅಷ್ಟು ಜನರ ನಡುವೆ ಆ ಕಥೆ ಹೇಳಿದೆನಲ್ಲ, ನೀನು ಅಲ್ಲೇ ಬಾಗಿಲ ಹತ್ತಿರ ಕೂತಿದ್ದೆ. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ನಕ್ಕು, "ಹೌದು, ಇವನಿಲ್ಲದಿದ್ದರೆ ನಾನಿಲ್ಲ" ಅಂದೆ. ಆಮೇಲೆ ಒಂದೇ ಒಂದು ಸಲವೂ ಅದರ ಬಗ್ಗೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಹನ್ನೆರಡು ವರ್ಷವಾಯಿತು. ಅದಾದ ಮೇಲೆ ನಿನಗೆ ಫೋನ್ ಮಾಡುವುದು ಕಡಿಮೆ ಮಾಡಿದ್ದು ನಾನೇ, ಕೆಲಸ ಜಾಸ್ತಿ ಅಂತ ಹೇಳುತ್ತಾ ಬಂದೆ. ಕೆಲಸ ಜಾಸ್ತಿ ಇರಲಿಲ್ಲ.

ಆ ಹುಡುಗಿ ಇನ್ನೊಂದು ಮಾತು ಹೇಳಿದ್ದಳು. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ, ಹಗ್ಗ ಎಸೆಯಿರಿ, ಹುಟ್ಟು ಚಾಚಿ, ತೇಲುವಂಥದ್ದು ಏನಾದರೂ ಎಸೆಯಿರಿ. ಕಾಪಾಡಲು ಹಾರಿದವರೂ ಜೊತೆಗೆ ಹೋಗುವುದು ತುಂಬ ಸಲ ಆಗುತ್ತದೆ, ಮುಳುಗುವವನು ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತುತ್ತಾನೆ. ನಾನೂ ನಿನ್ನ ಮೇಲೆ ಹತ್ತಿದ್ದೆ. ನಿನ್ನ ಭುಜದ ಗಾಯ ಹೇಗಾಯಿತು ಅಂತ ಮನೆಯಲ್ಲಿ ಏನು ಹೇಳಿದೆ ನೀನು? ಮತ್ತೆ, ನಾನು ಕೂಗಿರಲಿಲ್ಲ ಅಂದ ಮೇಲೆ ನಿನಗೆ ಹೇಗೆ ಗೊತ್ತಾಯಿತು? ನೀನು ನನ್ನ ಕಡೆ ನೋಡುತ್ತಿದ್ದೆ ಅಂತಲೇ ಅಲ್ವಾ? ಸುಮ್ನೆ, ಸುಮ್ಮನೆ ನೋಡುತ್ತಿದ್ದೆ. ಇದನ್ನು ಇಷ್ಟು ವರ್ಷ ಕೇಳಬೇಕು ಅಂತಲೇ ಅನಿಸಿರಲಿಲ್ಲ ನನಗೆ.

ಸರಿ, ಸಾಕು. ಹೇಳಬೇಕು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೇಳಿದೆ.

ಪುಟ್ಟಿ ಏನಂದಳು ಅಂತ ಹೇಳುತ್ತೇನೆ. ತುಂಬ ಹೊತ್ತು ಮಾತಾಡಲಿಲ್ಲ. ಹುಟ್ಟು ಹಾಕುತ್ತಲೇ ಇದ್ದಳು. ಆಮೇಲೆ ಕೇಳಿದಳು, "ಚಪ್ಪಲಿ ಸಿಕ್ಕಿತಾ?"

ಒಂದು ಸಿಕ್ಕಿತು ಅಂದೆ. ಅಲ್ವಾ? ಒಂದೇ ಅಲ್ವಾ ಸಿಕ್ಕಿದ್ದು?

ಹನ್ನೆರಡೂವರೆ ಹೊತ್ತಿಗೆ ಗಾಳಿ ಎದ್ದಿತು. ಬೆಟ್ಟದ ಸರೋವರಗಳಲ್ಲಿ ಅದು ಸಾಮಾನ್ಯ. ಬಿಸಿಲಿಗೆ ಇಳಿಜಾರು ಕಾದು ಅಲ್ಲಿಯ ಗಾಳಿ ಮೇಲಕ್ಕೆ ಏರುತ್ತದೆ, ಆ ಜಾಗಕ್ಕೆ ನೀರಿನ ಮೇಲಿನ ತಂಪುಗಾಳಿ ನುಗ್ಗುತ್ತದೆ. ಬೆಳಿಗ್ಗೆ ಕನ್ನಡಿಯಾಗಿದ್ದ ನೀರು ಹತ್ತೇ ನಿಮಿಷದಲ್ಲಿ ಪುಟ್ಟ ಪುಟ್ಟ ಬಿಳಿ ಅಲೆಯಾಯಿತು. ಅಲೆಗೆ ಅಡ್ಡ ಹಾಕದೆ ಮೂತಿಯನ್ನು ಅದರ ಕಡೆಗೇ ತಿರುಗಿಸಿಕೊಂಡು ದಡದ ಪಕ್ಕದಲ್ಲೇ ವಾಪಸ್ ಬಂದೆವು. ಪುಟ್ಟಿ "ಎಡ, ಬಲ, ಎಡ, ಬಲ" ಅಂತ ಕೂಗುತ್ತಿದ್ದಳು, ನಾನು ಅವಳು ಹೇಳಿದ ಹಾಗೆ ಹಾಕುತ್ತಿದ್ದೆ. ತೋಳು ಇವತ್ತಿಗೂ ನೋಯುತ್ತಿದೆ. ಮರೀನಾದ ಕಲ್ಲುಗೋಡೆಯ ಒಳಗೆ ಬಂದದ್ದೇ ತಡ, ಅಲೆ ನಿಂತುಹೋಯಿತು.

ಜೆಟ್ಟಿಗೆ ಇಳಿದವಳು ಸೀದಾ ಆ ಹುಡುಗಿಯ ಹತ್ತಿರ ಓಡಿ ಏನೋ ಹೇಳಿದಳು. ಹುಡುಗಿ ನನ್ನ ಕಡೆ ನೋಡಿದಳು, ನಾನು ಈ ಸಲ ಹೌದು ಅಂತ ತಲೆಯಾಡಿಸಿದೆ. ಅವಳು ಹೆಬ್ಬೆರಳು ಎತ್ತಿ ತೋರಿಸಿ ಮುಂದಿನ ಗುಂಪಿನ ಕಡೆ ಹೋದಳು.

ಪುಟ್ಟಿಗೆ ನಿನ್ನ ಜೊತೆ ಮಾತಾಡಬೇಕಂತೆ. ಪ್ರಶ್ನೆಗಳ ಪಟ್ಟಿಯೇ ಇದೆ, ಒಟ್ಟು ಒಂಬತ್ತು, ನನಗೆ ತೋರಿಸುತ್ತಿಲ್ಲ. ಭಾನುವಾರ ಸಂಜೆ ಮನೆಯಲ್ಲಿರು, ನಾನು ಫೋನ್ ಮಾಡಿ ಅವಳ ಕೈಗೆ ಕೊಡುತ್ತೇನೆ. ಮೂರನೇ ಮೆಟ್ಟಿಲಿನ ವಿಷಯ ಮಾತ್ರ ನಾನು ಹೇಳಿಲ್ಲ ಮಾರಾಯ. ಅದನ್ನು ನೀನೂ ಹೇಳಬೇಡ.

ನಿನ್ನ,
ಗುಂಡ