ಹೆಬ್ರಾನಿನ ಗವಿ: ಭಾನುವಾರದ ಚರ್ಚೆಗೆ ಮುನ್ನ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪರಸ್ಪರ ಸಂಬಂಧವನ್ನು ಕುರಿತ ಈ ಭಾನುವಾರದ ಚರ್ಚೆಯನ್ನು, ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿರುವ ಹೆಬ್ರಾನಿನ ಒಂದೇ ಕಟ್ಟಡಕ್ಕೆ ಸೀಮಿತಗೊಳಿಸಲಾಗಿದೆ. ಮೂರೂ ಧರ್ಮದವರು ಮೂಲಪುರುಷನೆಂದು ಗೌರವಿಸುವ ಅಬ್ರಹಾಮನು ಪತ್ನಿ ಸಾರಾಳ ಸಮಾಧಿಗಾಗಿ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನೆಂದು ಬೈಬಲಿನ ಆದಿಕಾಂಡ ಹೇಳುವ ಗವಿ ಇದರ ಕೆಳಗಿದೆಯೆಂಬುದು ನಂಬಿಕೆ.

ಯೂದಾಯದ ಅರಸ ಹೆರೋದನ ಕಾಲದ ಗೋಡೆಗಳೊಳಗೆ ಬೈಜಾಂಟಿಯನ್ನರ ಚರ್ಚು, ಅನಂತರ ಮಸೀದಿ, ಶಿಲುಬೆಯೋಧರ ಕಾಲದಲ್ಲಿ ಪುನಃ ಚರ್ಚು, ಕೊನೆಗೆ ಮತ್ತೆ ಮಸೀದಿ ನೆಲೆಗೊಂಡವು. 1267ರಲ್ಲಿ ಸುಲ್ತಾನ ಬೈಬರ್ಸ್ ಅನ್ಯಧರ್ಮೀಯರ ಪ್ರವೇಶವನ್ನು ನಿಷೇಧಿಸಿದ ಮೇಲೆ ಯೆಹೂದಿಗಳು ಹೊರಗಿನ ಏಳನೆಯ ಮೆಟ್ಟಿಲಿನವರೆಗೆ ಮಾತ್ರ ಬರಬಹುದಾಗಿತ್ತು. ಈ ಸ್ಥಿತಿ ಬದಲಾದದ್ದು ಇಸ್ರೇಲ್ ಹೆಬ್ರಾನನ್ನು ವಶಪಡಿಸಿಕೊಂಡ 1967ರಲ್ಲಿ. 1994ರ ಫೆಬ್ರವರಿಯಲ್ಲಿ ಯೆಹೂದಿ ವಲಸೆನಿವಾಸಿಯೊಬ್ಬನು ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಗುಂಡಿಕ್ಕಿ ಕೊಂದ ತರುವಾಯ ಕಟ್ಟಡವನ್ನು ಯೆಹೂದಿ ಮತ್ತು ಮುಸ್ಲಿಂ ಭಾಗಗಳಾಗಿ ವಿಭಜಿಸಲಾಯಿತು. ಈಗ ವರ್ಷದಲ್ಲಿ ಹತ್ತು ದಿನ ಯೆಹೂದಿಗಳಿಗೆ, ಹತ್ತು ದಿನ ಮುಸ್ಲಿಮರಿಗೆ ಮಾತ್ರ ಇಡೀ ಕಟ್ಟಡ ತೆರೆದಿರುತ್ತದೆ.

ಯೆಹೂದಿ ಧರ್ಮಗ್ರಂಥದ ಭಾಗವಾದ ಯೆಶಾಯನ ಗ್ರಂಥ, ಕ್ರೈಸ್ತರ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಮತ್ತು ಕುರ್‌ಆನ್ ಮೂರೂ ಅಬ್ರಹಾಮನನ್ನು ದೇವರ ಸ್ನೇಹಿತನೆಂದೇ ಕರೆಯುತ್ತವೆ. ಊರಿನ ಅರಬ್ಬಿ ಹೆಸರಾದ ‘ಅಲ್ ಖಲೀಲ್’ ಎಂಬುದರ ಅರ್ಥವೂ ಅದೇ. ನನ್ನ ದೃಷ್ಟಿಯಲ್ಲಿ ಚರ್ಚೆ ಈ ಪದದಿಂದ ಆರಂಭವಾಗುವುದು ಸೂಕ್ತ. ಇಂದಿನ ಗಡಿ ವಿವಾದದ ಪರ-ವಿರೋಧದ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬಾರದು. ಪ್ರಶ್ನೆಗಳನ್ನು ಶನಿವಾರ ರಾತ್ರಿಯೊಳಗೆ ಕಳುಹಿಸಬೇಕಾಗಿ ವಿನಂತಿ.